ದೂರ ಕೂಡದ ತಿಂಗಳುಗಳು

ಹುಕ್ಕೇರಿಯ ಬಸದಿ ಓಣಿಯಲ್ಲಿ ಜಿನ್ನವ್ವನ ತಿಂಗಳ ಲೆಕ್ಕ ಗೊತ್ತಿಲ್ಲದವರು ಯಾರೂ ಇರಲಿಲ್ಲ. ಅದಕ್ಕೆ ಓಣಿಯವರ ಕೆಟ್ಟ ಕುತೂಹಲ ಕಾರಣವಲ್ಲ, ಮನೆಯ ರೀತಿಯೇ ಹಾಗಿತ್ತು. ಜೈನರ ಮನೆಯಲ್ಲಿ ಮುಟ್ಟಾದ ಹೆಂಗಸು ಮೂರು ದಿನ ದೂರ ಕೂಡಬೇಕು. ಅಡುಗೆಮನೆ, ದೇವರಮನೆ, ಬಸದಿ ಮೂರೂ ಆಕೆಗೆ ನಿಷಿದ್ಧ. ಜಿನ್ನವ್ವನ ಅತ್ತೆ ಸುಂದರಾಬಾಯಿಯ ಮನೆಯಲ್ಲಿ ದೂರ ಕೂಡುವ ಜಾಗವೆಂದರೆ ಹಿತ್ತಲಲ್ಲಿ ದನದ ಕೊಟ್ಟಿಗೆಗೆ ಆನಿಸಿ ಹಾಕಿದ ಚಪ್ಪರ. ಹಿತ್ತಲಿನ ಗೋಡೆ ಎದೆಮಟ್ಟದ್ದು. ಬಾವಿಗೆ ನೀರಿಗೆ ಹೋಗುವ ಹೆಂಗಸರೆಲ್ಲ ಆ ಗೋಡೆಯ ಬದಿಯಿಂದಲೇ ಹಾಯಬೇಕು. ಚಪ್ಪರದ ಕೆಳಗೆ ಚಾಪೆ, ಚರಿಗೆ, ಮೊಣಕಾಲ ಮೇಲೆ ಗದ್ದ ಇಟ್ಟು ಕೂತ ಸೊಸೆ ಕಂಡರೆ ಈ ತಿಂಗಳೂ ಇಲ್ಲ ಎಂದು ಕೊಡ ಹೊತ್ತವರು ತಮ್ಮತಮ್ಮಲ್ಲೇ ತಿಳಿದುಕೊಂಡು ಮುಂದೆ ಹೋಗುತ್ತಿದ್ದರು. ಆರು ವರ್ಷ ಅವರು ಹಾಗೆ ತಿಳಿದುಕೊಂಡಿದ್ದರು.

ಗೋಡೆಯ ಆಚೆ ಶಿವಗಂಗವ್ವನ ಮನೆ. ಅವರು ಬಸವಣ್ಣನವರ ದಾರಿಯವರು. ಕೊರಳಲ್ಲಿ ಲಿಂಗ ಕಟ್ಟಿದವರಿಗೆ ಸೂತಕವಿಲ್ಲ. ಶಿವಗಂಗವ್ವ ಮೂರು ಹೆತ್ತವಳು, ಬಾಯಿ ದೊಡ್ಡದು, ಮನಸ್ಸು ಅದಕ್ಕಿಂತ ದೊಡ್ಡದು. ಜಿನ್ನವ್ವ ಚಪ್ಪರದಲ್ಲಿ ಕೂತ ದಿನಗಳಲ್ಲಿ ಗೋಡೆಯ ಮೇಲೆ ಮೊಣಕೈ ಊರಿ ಆಕೆಯ ಹೊತ್ತು ಕಳೆಯುತ್ತಿದ್ದವಳು ಅವಳೊಬ್ಬಳೇ.

"ನಾ ಯಾವಾಗ ಆದ್ನಿ, ಯಾವಾಗ ಮಿಂದ್ನಿ ಅನ್ನೂದು ನಮ್ಮ ಅತ್ತಿಗೆ ಇವತ್ತಿಗೂ ಗೊತ್ತಿಲ್ಲ," ಎನ್ನುತ್ತಿದ್ದಳು. "ನಿಮ್ಮಲ್ಲಿ ನೋಡಿದ್ರ ಡಂಗುರಾ ಹೊಡದಂಗ. ಇಷ್ಟ ಮಂದಿ ಕಾಯ್ಕೊಂಡ ಕುಂತ್ರ ಬರೋ ಕೂಸರೆ ಹೆಂಗ ಬಂದೀತು? ನಾಚಿ ವಾಪಸ್ ಹೋಕ್ಕೈತಿ."

ಜಿನ್ನವ್ವ ಕಲ್ಲೋಳಿಯವಳು, ಮೂಡಲಗಿಯ ಕಡೆಯ ಒಕ್ಕಲುತನದ ಮನೆಯ ಮಗಳು. ಹದಿನಾರಕ್ಕೆ ಈ ಮನೆಗೆ ಸೊಸೆಯಾಗಿ ನಡೆಯಲು ಬಂದಳು. ಈಗ ಇಪ್ಪತ್ತೆರಡು. ಗಂಡ ಬಾಬಾಸಾಹೇಬ ಮಾತು ಕಡಿಮೆಯ ಮನುಷ್ಯ. ಅವನಿಗೆ ಬಾವಿಯ ಕೆಳಗಿನ ಕಬ್ಬು, ಚಳಿಗಾಲದ ಬೆಲ್ಲದ ಗಾಣ, ಮತ್ತೆ ತಾಯಿ ಹಾಕಿದ ಗೆರೆ, ಇವಿಷ್ಟೇ ಪ್ರಪಂಚ. ಸುಂದರಾಬಾಯಿ ಮೂವತ್ತು ತುಂಬುವ ಮೊದಲೇ ಗಂಡನನ್ನು ಕಳೆದುಕೊಂಡು, ಭಾವ ಮೈದುನರು ನುಂಗಲು ನೋಡಿದ ಹೊಲವನ್ನು ಕೋರ್ಟಿನ ಮೆಟ್ಟಿಲು ಹತ್ತಿ ಉಳಿಸಿಕೊಂಡವಳು. ಒಬ್ಬನೇ ಮಗ. ಆ ಹೊಲ ಮುಂದೆ ಯಾರಿಗೆ ಎಂಬ ಪ್ರಶ್ನೆ ಅವಳಿಗೆ ಹಲ್ಲಿನ ಸಂದಿಯಲ್ಲಿ ಸಿಕ್ಕಿದ ನಾರಿನಂತೆ ಸದಾ ಇರುತ್ತಿತ್ತು.

ಸೊಸೆಯ ಮೇಲೆ ಅವಳು ಕೈ ಎತ್ತಿದವಳಲ್ಲ, ಹೊಟ್ಟೆಗೆ ಕಡಿಮೆ ಹಾಕಿದವಳೂ ಅಲ್ಲ. ಸೊಸೆ ದೂರ ಕೂತ ಮೂರು ದಿನ ಅಡುಗೆಯ ಕೆಲಸ ತನ್ನ ಮೇಲೆ ಬೀಳುತ್ತಿದ್ದುದರಿಂದ ಆ ದಿನಗಳಲ್ಲಿ ಮಾತ್ರ ಒಲೆಯ ಜೊತೆ ಮಾತಾಡುತ್ತಿದ್ದಳು. ಯಾರ ಮನೆಯ ಸೊಸೆಗೆ ಎರಡನೆಯದಾಯಿತು, ಯಾರ ಮನೆಯಲ್ಲಿ ತೊಟ್ಟಿಲು ಕೆಳಗಿಳಿಸಲು ಪುರುಸೊತ್ತಿಲ್ಲ ಎಂಬುದನ್ನೆಲ್ಲ ಒಲೆಗೆ ಹೇಳುತ್ತಿದ್ದಳು. ಚಪ್ಪರಕ್ಕೂ ಅಡುಗೆಮನೆಯ ಕಿಂಡಿಗೂ ಹೆಚ್ಚು ದೂರವಿರಲಿಲ್ಲ.

೧೯೩೧ರ ದೀಪಾವಳಿ ಮುಗಿದ ಮೇಲೆ ಅವಳು ಒಲೆಯನ್ನು ಬಿಟ್ಟು ನೇರವಾಗಿ ಸೊಸೆಗೇ ಹೇಳಿದಳು. ದನಿ ಏರಿಸಲಿಲ್ಲ. ಯುಗಾದಿಯವರೆಗೆ ನೋಡುವುದು, ಆಗಲೂ ಏನೂ ಇಲ್ಲವಾದರೆ ಬಾಬಾಸಾಹೇಬನಿಗೆ ಇನ್ನೊಂದು ಹೆಣ್ಣು ತರುವುದು. ಗೋಕಾಕದಲ್ಲಿ ಬಟ್ಟೆ ಅಂಗಡಿಯ ನೇಮಣ್ಣ ಇದ್ದಾನೆ, ನಾಲ್ಕು ಹೆಣ್ಣುಮಕ್ಕಳ ತಂದೆ, ಎರಡನೆಯ ಸಂಬಂಧಕ್ಕೂ ಒಪ್ಪಿಯಾನು. ಜಿನ್ನವ್ವ ಇದೇ ಮನೆಯಲ್ಲಿ ಇರಬಹುದು, ಯಾರೂ ಹೊರಗೆ ಹಾಕುವುದಿಲ್ಲ. ಆದರೆ ಇಂಥ ಸಂಬಂಧಕ್ಕೆ ಹಿರಿಯ ಹೆಂಡತಿಯ ಒಪ್ಪಿಗೆ ಇರಬೇಕು, ಅವಳೇ ಹೋಗಿ ಹುಡುಗಿಯನ್ನು ನೋಡಿ ಅರಿಷಿಣ ಕುಂಕುಮ ಕೊಡಬೇಕು. ಇಲ್ಲದಿದ್ದರೆ ನಾಳೆ ಜನ ಆಡಿಕೊಳ್ಳುತ್ತಾರೆ.

ಹೀಗಾಗಿ ಕಾರ್ತಿಕ ಮುಗಿಯುವ ಮೊದಲು ಅತ್ತೆ ಸೊಸೆ ಇಬ್ಬರೂ ಸರ್ವಿಸ್ ಮೋಟಾರಿನಲ್ಲಿ ಗೋಕಾಕಕ್ಕೆ ಹೋದರು. ನೇಮಣ್ಣನ ಪಡಸಾಲೆಯಲ್ಲಿ ಸಾವಿತ್ರವ್ವ ಎಂಬ ಹುಡುಗಿ ಅವಲಕ್ಕಿಯ ತಟ್ಟೆ ತಂದಿಟ್ಟಳು. ಹದಿನಾಲ್ಕರ ಹುಡುಗಿ, ಸೀರೆಯ ನಿರಿಗೆ ಕಾಲಿಗೆ ತೊಡರುತ್ತಿತ್ತು. ಯಾರು ಯಾರೆಂದು ಯಾರೂ ತಿಳಿಸಿ ಹೇಳಿರಲಿಲ್ಲವೋ ಏನೋ, ಅವಳು ಮೊದಲು ಜಿನ್ನವ್ವನ ಕಾಲನ್ನೇ ಮುಟ್ಟಿ ನಮಸ್ಕರಿಸಿದಳು.

"ನೀನ ನೋಡಿ ಹೇಳವ್ವ ಜಿನ್ನವ್ವ," ಎಂದಳು ಸುಂದರಾಬಾಯಿ, ಎಲ್ಲರಿಗೂ ಕೇಳುವಂತೆ. "ಹುಡುಗಿ ಹೆಂಗದಾಳ?"

"ಚಲೋ ಅದಾಳ್ರಿ," ಎಂದಳು ಜಿನ್ನವ್ವ. ಅರಿಷಿಣ ಕುಂಕುಮ ಕೊಟ್ಟಳು. ತಿರುಗಿ ಬರುವಾಗ ಘಟಪ್ರಭೆಯಲ್ಲಿ ಮೋಟಾರು ನಿಂತಾಗ ಕೆಳಗಿಳಿದು, ಬೇವಿನ ಮರದ ಬುಡದಲ್ಲಿ ತಿಂದ ಅವಲಕ್ಕಿಯನ್ನೆಲ್ಲ ಕಾರಿಕೊಂಡಳು.

ಆ ದಿನದಿಂದ ಅವಳಿಗೆ ನಿದ್ದೆ ಹತ್ತಲಿಲ್ಲ. ರೊಟ್ಟಿ ಮುರಿದು ಬಾಯಿಗಿಟ್ಟರೆ ಹೊಟ್ಟಿನಂತೆ ಅಲ್ಲೇ ಸುತ್ತುತ್ತಿತ್ತು. ಗಂಟಲಿಗಿಳಿಯುತ್ತಿರಲಿಲ್ಲ. ಬಳೆಗಳು ಮೊಣಕೈವರೆಗೆ ಜಾರತೊಡಗಿದವು. ಮಾರ್ಗಶಿರದಲ್ಲಿ ಅವಳು ದೂರ ಕೂಡುವ ದಿನ ಬಂತು, ಹೋಯಿತು. ನಡುನೋವಿಲ್ಲ, ಏನೂ ಇಲ್ಲ. ನಾಲ್ಕು ದಿನ ಹೆಚ್ಚುಕಡಿಮೆ ಆದೀತು ಎಂದುಕೊಂಡಳು. ಪುಷ್ಯವೂ ಹಾಗೇ ಹೋಯಿತು. ಚಪ್ಪರದ ಚಾಪೆ ಸುತ್ತಿದ್ದು ಸುತ್ತಿದ ಹಾಗೆಯೇ ಇತ್ತು.

ಇದನ್ನು ಜಿನ್ನವ್ವನಿಗಿಂತ ಮೊದಲು ಲೆಕ್ಕ ಹಿಡಿದವಳು ಸುಂದರಾಬಾಯಿ, ಅವಳಿಗಿಂತ ಮೊದಲು ಹಿಡಿದದ್ದು ಓಣಿ. ಮುಂಜಾನೆ ಹೊತ್ತು ಸೊಸೆಗೆ ಓಕರಿಕೆ ಬರುತ್ತಿತ್ತು. ಖಾಲಿ ಹೊಟ್ಟೆಗೆ ಬರುವ ಓಕರಿಕೆ ಎಂದು ಯಾರಿಗೂ ಅನಿಸಲಿಲ್ಲ. ಮುಖ ಬಿಳಿಚಿತ್ತು, ಬಸುರಿಗೆ ಬಿಳಿಚುತ್ತದೆ. ದೂರ ಕೂತಿಲ್ಲ ಎಂಬ ಒಂದು ಸಂಗತಿ ಎಲ್ಲ ಅನುಮಾನದ ಬಾಯಿ ಮುಚ್ಚಿಸುತ್ತಿತ್ತು. ಜಿನ್ನವ್ವನನ್ನು ಬೇರೆ ಏನೂ ಕೇಳುವ ಅಗತ್ಯ ಆ ಮನೆಗೆ ಹಿಂದೆಯೂ ಬಿದ್ದಿರಲಿಲ್ಲ, ಈಗಲೂ ಬೀಳಲಿಲ್ಲ.

ಸೂಲಗಿತ್ತಿ ದುಂಡವ್ವನನ್ನು ಕರೆಸಿದರು. ಅವಳು ಹೊಟ್ಟೆ ಒತ್ತಿ ನೋಡಿ, ಇನ್ನೂ ಎಳೆಯದು, ಈಗಲೇ ಹೇಳಲು ಬರುವುದಿಲ್ಲ, ಒಂದು ತಿಂಗಳು ತಡೆಯಿರಿ ಎಂದಳು. ಸುಂದರಾಬಾಯಿ ಅವಳ ಸೆರಗಿಗೆ ಜೋಳ, ಅದರ ಮೇಲೊಂದು ಬೆಲ್ಲದ ಪೆಂಟೆ ಹಾಕಿದಳು. ದುಂಡವ್ವ ಆಡಿದ ಮಾತನ್ನು ಮತ್ತೊಮ್ಮೆ ಆಡಲಿಲ್ಲ. ಸಂಜೆಯ ಹೊತ್ತಿಗೆ ಓಣಿಯಲ್ಲಿ, ದುಂಡವ್ವನೇ ಹೇಳಿದ್ದಾಳಂತೆ ಎಂದಾಯಿತು. ಗೋಕಾಕಕ್ಕೆ, ಸದ್ಯ ತಡೆಯಿರಿ ಎಂದು ಹೇಳಿ ಕಳಿಸಿದರು.

ಅಲ್ಲಿಂದ ಮನೆ ಬೇರೆಯೇ ಆಯಿತು. ಮುಂಜಾನೆ ಹಾಲು, ಮಧ್ಯಾಹ್ನ ಅನ್ನದ ಮೇಲೆ ತುಪ್ಪ. ಕೊಡ ಎತ್ತುವುದು ಬೇಡ, ಬೀಸುವುದು ಬೇಡ. ಸುಂದರಾಬಾಯಿ ತಾನೇ ಸೊಸೆಯ ತಲೆಗೆ ಎಣ್ಣೆ ಹಚ್ಚಿ ಬಿಸಿನೀರು ಹಾಕುತ್ತಿದ್ದಳು. ಒಲೆಯ ಜೊತೆಗಿನ ಮಾತು ನಿಂತುಹೋಯಿತು. ಬಾಬಾಸಾಹೇಬ ಸಂತೆಯಿಂದ ಬರುವಾಗ ಗೋಕಾಕದ ಕರದಂಟು ಕಟ್ಟಿಸಿಕೊಂಡು ಬಂದ. ಹೆಂಡತಿಯ ಕೈಗೆ ಕೊಡಲು ನಾಚಿ ಅಟ್ಟದ ಮೇಲಿಟ್ಟು, ಅಲ್ಲಿದೆ ನೋಡು ಎಂದ. ಮೊದಮೊದಲು ಜಿನ್ನವ್ವ ನಂಬಲಿಲ್ಲ. ನನಗೇನೂ ಅನಿಸುವುದೇ ಇಲ್ಲವಲ್ಲ ಎಂದು ಶಿವಗಂಗವ್ವನಲ್ಲಿ ಒಮ್ಮೆ ಅಂದಳು. ಮೊದಲ ಬಸಿರಿಗೆ ಏನು ಗೊತ್ತಾಗುತ್ತದೆ ಎಂದು ಶಿವಗಂಗವ್ವ ನಕ್ಕಳು. ಹಾಲು ತುಪ್ಪ ಒಂದು ಕಡೆಯಿರಲಿ, ನಂಬಿಸಿದ್ದು ಅತ್ತೆಯ ಕೈ. ಆರು ವರ್ಷ ದೂರ ಕೂತವಳ ಚರಿಗೆಗೆ ಮುಟ್ಟದೆ ಮೇಲಿನಿಂದ ನೀರು ಸುರಿದ ಕೈ ಈಗ ತಲೆಯೊಳಗೆ ಬೆರಳಾಡಿಸುತ್ತಿತ್ತು. ಮಾಘದಲ್ಲಿ ಜಿನ್ನವ್ವ ಗೋಡೆಗೆ ಮುಖ ಮಾಡಿ ಮಲಗಿದರೆ ಮುಂಜಾನೆ ದನ ಕರೆಯುವ ಹೊತ್ತಿಗೇ ಎಚ್ಚರವಾಗುತ್ತಿತ್ತು. ರೊಟ್ಟಿಯ ರುಚಿ ಬಾಯಿಗೆ ತಿರುಗಿ ಬಂತು. ಕೆನ್ನೆಗೆ ಬಣ್ಣ ಬಂತು.

ಮೂರು ತುಂಬಿತೆಂದು ಫಾಲ್ಗುಣದಲ್ಲಿ ಕಳ್ಳ ಕುಬಸಕ್ಕೆ ದಿನ ನೋಡಿದರು. ಚೊಚ್ಚಲ ಬಸುರಿಗೆ ಮೂರನೆಯ ತಿಂಗಳಲ್ಲಿ ತಾಯಿ ಬಂದು, ಯಾರ ಕಣ್ಣೂ ಬೀಳದ ಹಾಗೆ ಹಸಿರು ಸೀರೆ ಕುಬಸ ತೊಡಿಸಿ ಹೋಗುವ ಶಾಸ್ತ್ರ ಅದು. ಸುಂದರಾಬಾಯಿ ಆ ಗುಟ್ಟಿನ ಶಾಸ್ತ್ರಕ್ಕೆ ಇಡೀ ಓಣಿಯನ್ನು ಊಟಕ್ಕೆ ಕರೆದಳು. ಆರು ವರ್ಷ ಗೋಡೆಯ ಮೇಲಿನಿಂದ ಇಣುಕಿದವರಿಗೆಲ್ಲ ಅವಳು ಉತ್ತರ ಕೊಡಬೇಕಿತ್ತು. ಹಿಂದಿನ ಸಂಜೆಯೇ ಜಿನ್ನವ್ವನ ತಾಯಿ ಚನ್ನವ್ವ ಕಲ್ಲೋಳಿಯಿಂದ ಅರಭಾವಿ, ಘಟಪ್ರಭೆಯ ಮೇಲೆ ಹಾಯ್ದು ಗಾಡಿಯಲ್ಲಿ ಬಂದಿಳಿದಳು. ಗುಳೇದಗುಡ್ಡದ ಖಣ, ಹಸಿರು ಸೀರೆ, ಬುಟ್ಟಿ ತುಂಬ ಉಂಡಿ ತಂದಿದ್ದಳು.

ಕುಬಸದ ಮುಂಜಾನೆ ಹಿತ್ತಲಿಗೆ ಹೋದ ಜಿನ್ನವ್ವ ಅಲ್ಲೇ ಗೋಡೆ ಹಿಡಿದು ನಿಂತಳು.

ಅವಳಿಗೆ ತಿಳಿಯಲು ಹೊತ್ತು ಬೇಕಾಗಲಿಲ್ಲ. ಬಿದ್ದುಹೋದ ಬಸಿರಿನ ನೋವು ಹೇಗಿರುತ್ತದೆ ಎಂದು ಶಿವಗಂಗವ್ವ ಹೇಳಿದ್ದು ನೆನಪಿತ್ತು. ಇದು ಅದಲ್ಲ. ನಡುವಿನಲ್ಲಿ ಅದೇ ಮಂದವಾದ ನೋವು, ಸೀರೆಯ ಮೇಲೆ ಅದೇ ಕಲೆ, ಪ್ರತಿ ತಿಂಗಳೂ ಚಪ್ಪರಕ್ಕೆ ಕರೆದೊಯ್ಯುತ್ತಿದ್ದ ಹಳೆಯ ಸಂಗತಿ, ಎಲ್ಲಿಗೋ ಹೋಗಿದ್ದು ತಿರುಗಿ ಬಂದಿತ್ತು. ಅದೂ ಅವಳು ಉಂಡು, ಮಲಗಿ, ನಕ್ಕು ಸುಖವಾಗಿದ್ದಾಗ ಬಂದಿತ್ತು.

ಮೈ ತೊಳೆದುಕೊಂಡು ಅವಳು ಅಡುಗೆಮನೆಯ ಹೊಸ್ತಿಲವರೆಗೆ ಹೋಗಿ ನಿಂತಳು. ಒಳಗೆ ಸುಂದರಾಬಾಯಿ ಮಡಿಯುಟ್ಟು ಹೂರಣ ಅರೆಯುತ್ತಿದ್ದಳು.

"ಅತ್ತಿ, ನಾ ಒಳಗ ಬರಾಂಗಿಲ್ರಿ."

ಅರೆಯುವ ಕೈ ನಿಂತಿತು. ಸುಂದರಾಬಾಯಿ ಸೊಸೆಯ ಮುಖ ನೋಡಿದಳು, ಸೀರೆ ನೋಡಿದಳು, ಮತ್ತೆ ಮುಖ ನೋಡಿದಳು. ಪಡಸಾಲೆಯಲ್ಲಿ ಚನ್ನವ್ವ ಬುಟ್ಟಿ ಬಿಚ್ಚುವ ಸದ್ದು ಕೇಳುತ್ತಿತ್ತು. ಹೊರಗೆ ಕಟ್ಟೆಯ ಮೇಲೆ ಆಗಲೇ ಇಬ್ಬರು ಮೂವರು ಹೆಂಗಸರು ಕೂತು ಸೋಬಾನದ ಹಾಡು ಗುನುಗುತ್ತಿದ್ದರು.

"ಯಾರಿಗರೆ ಹೇಳಿದಿ ಏನ?"

"ಇಲ್ರಿ."

ಸುಂದರಾಬಾಯಿ ಎದ್ದು ಬಂದಳು. ಯಾರದೋ ಮನೆಯ ದೂರ ಕೂತ ಹೆಂಗಸಿನ ನೆರಳು ಬಿತ್ತೆಂದು ಇನ್ನೊಮ್ಮೆ ತಲೆಗೆ ನೀರು ಹಾಕಿಕೊಂಡಿದ್ದ ಹೆಣ್ಣುಮಗಳು ಅವಳು. ಸೊಸೆಯ ಮುಂಗೈ ಹಿಡಿದು ಹೊಸ್ತಿಲಿನ ಒಳಗೆ ಎಳೆದುಕೊಂಡಳು.

"ಇವತ್ತೊಂದಿನ ಬಾಯಿ ಮುಚ್ಕೊಂಡ ಇರು," ಎಂದಳು. "ಓಣಿ ಎಲ್ಲಾ ಉಣ್ಣಾಕ ಬರಾಕತ್ತೈತಿ."

ಹಾಗೆ ಕುಬಸವಾಯಿತು. ಹಸಿರು ಸೀರೆ ಉಟ್ಟು, ಖಣದ ಕುಬಸ ತೊಟ್ಟು ಜಿನ್ನವ್ವ ಮಣೆಯ ಮೇಲೆ ಕೂತಳು. ಹೆಂಗಸರು ಆರತಿ ಎತ್ತಿದರು. ಅಲ್ಲಿಂದ ಬಸದಿಗೆ ಹೋದರು. ಪೂಜೆಯ ಉಪಾಧ್ಯೆ, ತೀರ್ಥಂಕರರಿಗೆ ಅಭಿಷೇಕ ಮಾಡಿದ ಗಂಧೋದಕವನ್ನು ಅವಳ ಅಂಗೈಗೆ ಹಾಕಿದ. ಹುಟ್ಟಿದಾಗಿನಿಂದ ಅವಳು ಕಲಿತದ್ದು, ಇಂಥ ದಿನ ಬಸದಿಯ ಮೆಟ್ಟಿಲು ತುಳಿದರೂ ಪಾಪ ಎಂದು. ಅತ್ತೆ ಪಕ್ಕದಲ್ಲೇ ನಿಂತಿದ್ದಳು. ಜಿನ್ನವ್ವ ಗಂಧೋದಕವನ್ನು ನೆತ್ತಿಗೆ ಹಚ್ಚಿಕೊಂಡಳು.

ಮಧ್ಯಾಹ್ನ ಊಟ ಮುಗಿದು ಎಲ್ಲರೂ ಹೋದ ಮೇಲೆ ಚನ್ನವ್ವ ಮಗಳ ಜಡೆಯ ಹೂವು ಬಿಡಿಸುತ್ತ ಕೂತಳು. ಮಗಳು ಮಾತಾಡುತ್ತಿಲ್ಲವೆಂದು ನಗಿಸಲು ಹಳೆಯದನ್ನು ತೆಗೆದಳು. ಪ್ಲೇಗು ಬಂದ ವರ್ಷ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡು ಇದ್ದರಂತೆ. ದಿನಕ್ಕೊಂದು ಹೆಣ ಹೋಗುವುದನ್ನು ನೋಡಿ ನೋಡಿ ಅವಳಿಗೂ ಅವಳ ನೆಗೆಣ್ಣಿಗೂ ತಿಂಗಳೇ ನಿಂತುಹೋಗಿತ್ತಂತೆ. ಅವಳ ಅತ್ತೆ ಇಬ್ಬರು ಸೊಸೆಯರೂ ಒಟ್ಟಿಗೆ ಬಸುರಾದರೆಂದು ಕುಣಿದಾಡಿದಳಂತೆ.

"ಅಂಜಿಕಿಗೆ ನಿಂತಿತ್ತವ್ವ. ಗುಡಸಲಾ ಕಿತ್ತು ಊರಾಗ ಬಂದ ಮ್ಯಾಲ ತಾನ ಬಂತು," ಎಂದು ಚನ್ನವ್ವ ನಕ್ಕಳು. "ಮುಂದ ವರ್ಷ ದಾಟಿ ನಿಮ್ಮಣ್ಣ ಹುಟ್ಟಿದ."

ಜಿನ್ನವ್ವ ಕತ್ತು ತಿರುಗಿಸಿ ತಾಯಿಯ ಮುಖ ನೋಡಿದಳು. "ಇದನ್ನ ಮೊದಲ ಯಾಕ ಹೇಳಲಿಲ್ಲ, ಯವ್ವಾ?"

"ಇಂಥಾದನ್ನ ಯಾರ ಹೇಳತಾರ? ನೀ ಕೇಳಿದಿ ಏನ?"

ಮುಂಜಾನೆಯ ಸಂಗತಿಯನ್ನು ತಾಯಿಗೆ ತಿಳಿಸದೆಯೇ ಜಿನ್ನವ್ವ ಬಿಡಿಸಿದ ಹೂವನ್ನು ಸೆರಗಿಗೆ ತುಂಬಿಕೊಂಡಳು. ಮರುದಿನ ಮುಂಜಾನೆ ಗಾಡಿ ಹೋಯಿತು.

ಗಾಡಿ ಓಣಿ ದಾಟಿದ ಮೇಲೆ ಸುಂದರಾಬಾಯಿ ಬಾಗಿಲಲ್ಲಿ ಕುಸಿದು ಕೂತು ದನಿ ತೆಗೆದು ಅತ್ತಳು. ಬಸಿರು ಬಿದ್ದುಹೋಯಿತು. ಯಾರ ಕಣ್ಣು ಬಿತ್ತೋ, ನಿನ್ನೆ ಹೆಚ್ಚು ಹೊತ್ತು ಮಣೆಯ ಮೇಲೆ ಕೂತದ್ದೇ ಆಯಿತೋ. ದುಂಡವ್ವನನ್ನು ಕರೆಸಲಿಲ್ಲ, ಎಲ್ಲ ಮುಗಿದ ಮೇಲೆ ಅವಳಿಗೇನು ಕೆಲಸ ಎಂದಳು. ಬಿದ್ದ ಬಸಿರು ಎಷ್ಟು ತಿಂಗಳದ್ದೋ ಅಷ್ಟು ದಿನ ತಾಯಿಗೆ ಸೂತಕ ಎಂಬುದು ಅವರ ಶಾಸ್ತ್ರ. ಮೂರು ತಿಂಗಳಿಗೆ ಮೂರು ದಿನ. ಅದೇ ಚಪ್ಪರ, ಅದೇ ಚಾಪೆ, ಅದೇ ರಕ್ತ. ಆದರೆ ಈ ಸಲ ಕೊಡ ಹೊತ್ತವರು ಮುಂದೆ ಹೋಗದೆ ನಿಂತರು, ಕಣ್ಣಿಗೆ ಸೆರಗು ಹಚ್ಚಿದರು, ಗೋಡೆಯ ಮೇಲಿನಿಂದ ಸಮಾಧಾನದ ಮಾತಾಡಿದರು.

ಶಿವಗಂಗವ್ವ ಎಲ್ಲರೂ ಹೋಗುವವರೆಗೆ ಕಾದು ಬಂದಳು. ಸ್ವಲ್ಪ ಹೊತ್ತು ಜಿನ್ನವ್ವನ ಮುಖವನ್ನೇ ನೋಡಿದಳು.

"ಏನೂ ಇದ್ದಿಲ್ಲ, ಹೌದಲ್ಲ?"

ಜಿನ್ನವ್ವ ಏನೂ ಇರಲಿಲ್ಲವೆಂಬಂತೆ ತಲೆಯಾಡಿಸಿದಳು.

"ಇರಲಿ ಬಿಡು. ಬಿದ್ದದ್ದಕ್ಕ ಅಳತಾರ, ಬರಲಾರದ್ದಕ್ಕ ಬೈತಾರ. ಅಳಸ್ಕೊ."

"ಇಲ್ಲದ ಜೀವಾ ಸತ್ತೈತಂತ ಹೆಂಗ ಅಳಸ್ಕೊಳ್ಳಿ?" ಎಂದಳು ಜಿನ್ನವ್ವ. ಗೋಡೆಯ ಈಚೆ ಕೊಟ್ಟಿಗೆಯಲ್ಲಿ ಬಾಬಾಸಾಹೇಬ ಎತ್ತಿನ ಬೆನ್ನ ಮೇಲೆ ಹಣೆಯಿಟ್ಟು ಅಳುತ್ತಿದ್ದ. ಅವನು ಅತ್ತದ್ದನ್ನು ಅವಳು ಕೇಳಿದ್ದು ಅದೇ ಮೊದಲು.

ನಾಲ್ಕನೆಯ ದಿನ ಅವಳು ತಲೆಗೆ ನೀರು ಹಾಕಿಕೊಂಡು ಒಳಗೆ ಬಂದಾಗ ಹಾಲಿನ ಲೋಟ ಇರಲಿಲ್ಲ. ಯುಗಾದಿ ಬಂತು, ಬೇವು ಬೆಲ್ಲ ತಿಂದರು. ಸುಂದರಾಬಾಯಿ ಗೋಕಾಕಕ್ಕೆ ಮಾತು ಕಳಿಸಿದಳು. ಜಿನ್ನವ್ವ ಮತ್ತೆ ಗೋಡೆಗೆ ಮುಖ ಮಾಡಿ ಮಲಗಿ, ಎಚ್ಚರವಾಗಿಯೇ ಬೆಳಗು ಮಾಡತೊಡಗಿದಳು.

ಆದರೆ ಸುಂದರಾಬಾಯಿ ಒಂದನ್ನು ಎಣಿಸಿರಲಿಲ್ಲ. ಓಣಿಯ ಮರ್ಯಾದೆಗೆಂದು ಅವಳು ಹೇಳಿದ ಸುಳ್ಳು ಓಣಿಯಲ್ಲೇ ನಿಲ್ಲಲಿಲ್ಲ. ಬೆಲ್ಲದ ಗಾಡಿಗಳ ಜೊತೆ ಅದೂ ಗೋಕಾಕದ ಪೇಟೆಗೆ ಹೋಯಿತು.

ಚೈತ್ರ ಮುಗಿಯುವಾಗ ನೇಮಣ್ಣ ತಾನೇ ಹುಕ್ಕೇರಿಗೆ ಬಂದ. ಗೋಕಾಕದ ಬಸದಿಯ ಪಂಚರಲ್ಲಿ ಒಬ್ಬ, ತೂಗಿ ಮಾತಾಡುವ ವ್ಯಾಪಾರಿ. ಬಾಬಾಸಾಹೇಬ ಕಂಬಕ್ಕೆ ಒರಗಿ ನಿಂತಿದ್ದ. ಜಿನ್ನವ್ವ ಬಾಗಿಲ ಹಿಂದೆ ಇದ್ದಳು. ನೇಮಣ್ಣ ಮೊದಲು ಬಸಿರು ಹೋದದ್ದಕ್ಕೆ ವ್ಯಸನಪಟ್ಟ, ಆಮೇಲೆ ಹೆಣ್ಣು ಕೊಡಲಾಗುವುದಿಲ್ಲ ಎಂದ.

"ಒಮ್ಮಿ ನಿಂತ ಹೊಟ್ಟಿ ಮತ್ತ ನಿಲ್ಲತೈತ್ರಿ, ಬಾಯಾರ. ನಾಳಿ ಹಿರೇಕಿಗೆ ಗಂಡು ಹುಟ್ಟಿದ್ರ ನಮ್ಮ ಹುಡುಗಿ ನಿಮ್ಮ ಮನ್ಯಾಗ ರೊಟ್ಟಿ ಬಡಕೋತ ಕುಂಡ್ರಬೇಕೇನು?"

ಸುಂದರಾಬಾಯಿ ಹೇಳಿ ನೋಡಿದಳು. ಒಮ್ಮೆ ಬಿದ್ದದ್ದು ಮತ್ತೂ ಬಿದ್ದೀತು, ಈಕೆಯ ಒಡಲಿಗೆ ಹಿಡಿಯುವ ಬಲವಿಲ್ಲ ಎಂದಳು. ನೇಮಣ್ಣ ಒಪ್ಪಲಿಲ್ಲ. ಅವನ ಸ್ವಂತ ಹೆಂಡತಿಗೇ ಎರಡು ಬಿದ್ದು ಆಮೇಲೆ ನಾಲ್ಕು ನಿಂತಿದ್ದವು. ಅವನು ಏಳಲು ನೋಡಿದಾಗ ಸುಂದರಾಬಾಯಿಯ ಮುಖ ಬಿಗಿಯಿತು.

"ಬಸಿರ ಇದ್ದಿದ್ದಿಲ್ರಿ," ಎಂದಳು. "ಏನೂ ಇದ್ದಿದ್ದಿಲ್ಲ. ಆಕಿ ಹೇಳಿದ್ಲು, ನಾವು ನಂಬಿದಿವಿ."

ಬಾಬಾಸಾಹೇಬ ಕಂಬ ಬಿಟ್ಟು ನೆಟ್ಟಗೆ ನಿಂತ. ನೇಮಣ್ಣ ತಾಯಿಯನ್ನೂ ಮಗನನ್ನೂ ಸರದಿಯಂತೆ ನೋಡಿದ. ಕುಬಸ ಮಾಡಿದಿರಿ, ಸೂತಕ ಹಿಡಿದಿರಿ, ಈಗ ಇಲ್ಲ ಅನ್ನುತ್ತೀರಿ, ಇದರಲ್ಲಿ ಯಾವುದು ಖರೆ ಎಂದ. ಅವಳನ್ನೇ ಕರೆಯಿರಿ ಎಂದ.

ಜಿನ್ನವ್ವ ಬಾಗಿಲ ಚೌಕಟ್ಟಿನವರೆಗೆ ಬಂದು ನಿಂತಳು. ಖರೆ ಏನೆಂದು ಅವಳಿಗೆ ಗೊತ್ತಿತ್ತು, ಅತ್ತೆಗೂ ಗೊತ್ತಿತ್ತು. ಖರೆ ಹೇಳಿದರೆ ಸಾವಿತ್ರವ್ವ ಈ ಮನೆಗೆ ಬರುತ್ತಾಳೆ. ಹದಿನಾಲ್ಕರ ಹುಡುಗಿ ನಿರಿಗೆ ತೊಡರಿಕೊಳ್ಳುತ್ತ ಈ ಪಡಸಾಲೆಯಲ್ಲಿ ಓಡಾಡುತ್ತಾಳೆ, ತಾನು ಅವಳ ಮಕ್ಕಳ ಕುಂಡಿ ತೊಳೆಯುತ್ತ ಮುದುಕಿಯಾಗುತ್ತೇನೆ. ಸುಳ್ಳು ಹೇಳಬಾರದೆಂದು ಚಿಕ್ಕಂದಿನಲ್ಲಿ ಬಸದಿಯಲ್ಲಿ ಹಿಡಿದ ವ್ರತವೂ ಇತ್ತು. ಅವಳು ಗಂಡನ ಮುಖ ನೋಡಿದಳು. ಅವನು ಬಾಯಿ ಅರ್ಧ ತೆರೆದು, ಯಾರಾದರೂ ತನ್ನ ಕೂಸನ್ನು ತನಗೆ ತಿರುಗಿ ಕೊಡಲಿ ಎಂಬಂತೆ ನಿಂತಿದ್ದ.

"ಖರೇ ಹೇಳವ್ವ," ಎಂದ ನೇಮಣ್ಣ. "ನಿಂತಿತ್ತೇನು?"

"ನಿಂತಿತ್ರಿ ಅಣ್ಣಾರ. ಮೂರ ತಿಂಗಳ ತುಂಬಿತ್ತು."

ಸುಂದರಾಬಾಯಿ ಬಾಯಿ ತೆರೆದಳು. ಅವಳು ಮಾತಾಡುವ ಮೊದಲೇ ಜಿನ್ನವ್ವ, ದನಿ ಏರಿಸದೆ, ಮುಂದುವರಿಸಿದಳು.

"ನಮ್ಮತ್ತಿ ಕುಬಸದ ದಿನಾ ತಾವ ಕೈ ಹಿಡದು ಅಡಗಿಮನಿಯಾಗ ಕರಕೊಂಡ್ರು. ಬಸದಿಗೆ ಒಯ್ದು ಗಂಧೋದಕಾ ಹಚ್ಚಿಸಿದ್ರು. ದೂರ ಕೂಡೂ ಹೆಂಗಸಿನ್ನ ಯಾರರೆ ಬಸದಿಗೆ ಒಯ್ತಾರೇನ್ರಿ? ಬೇಕಾದ್ರ ಅವರನ್ನ ಕೇಳ್ರಿ."

ನೇಮಣ್ಣ ಸುಂದರಾಬಾಯಿಯ ಕಡೆ ತಿರುಗಿದ. ಒಬ್ಬ ಬಸದಿಯ ಪಂಚ ಅವಳ ಎದುರು ಕೂತಿದ್ದ. ಸೊಸೆ ಸುಳ್ಳು ಹೇಳುತ್ತಿದ್ದಾಳೆ ಎನ್ನಬೇಕಾದರೆ ಆ ಮುಂಜಾನೆಯ ಹೊಸ್ತಿಲನ್ನು ಅವಳು ಬಾಯಿಬಿಟ್ಟು ಹೇಳಬೇಕಿತ್ತು. ಓಣಿಗೆಲ್ಲ ಬಡಿಸಿದ ಹೋಳಿಗೆಯನ್ನೂ ಹೇಳಬೇಕಿತ್ತು. ಸುಂದರಾಬಾಯಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಸಂಬಂಧ ಕೈಬಿಟ್ಟು ಹೋದೀತೆಂಬ ಸಂಕಟಕ್ಕೆ ಏನೋ ಅಂದೆ ಎಂದಳು.

ನೇಮಣ್ಣ ಮಜ್ಜಿಗೆ ಕುಡಿದು ಎದ್ದ. 'ಜಯ ಜಿನೇಂದ್ರ' ಎಂದ. ಅದೇ ವೈಶಾಖದಲ್ಲಿ ಸಾವಿತ್ರವ್ವನನ್ನು ನಿಪ್ಪಾಣಿಗೆ ಕೊಟ್ಟರೆಂದು ಸುದ್ದಿ ಬಂತು.

ನೇಮಣ್ಣ ಬಂದುಹೋದ ಸಂಜೆ ಅತ್ತೆ ಸೊಸೆ ಹೊತ್ತು ಮುಳುಗುವ ಮೊದಲು ಉಂಡು, ಪಾತ್ರೆ ತೊಳೆಯುವಾಗ ಒಂದೇ ಸಲ ಮಾತಾಡಿದರು.

"ಇಲ್ಲದ ಕೂಸಿನ ಹೆಸರೀಲೆ ಈ ಮನ್ಯಾಗ ಉಳದಿ," ಎಂದಳು ಸುಂದರಾಬಾಯಿ.

"ಹೌದ್ರಿ," ಎಂದಳು ಜಿನ್ನವ್ವ. "ಇದ್ದ ಸೊಸಿ ಹೆಸರೀಲೆ ಉಳ್ಯಾಕ ಆಗಲಿಲ್ಲ."

ಆಮೇಲೆ ಆ ಮಾತನ್ನು ಇಬ್ಬರೂ ಎತ್ತಲಿಲ್ಲ. ಸುಂದರಾಬಾಯಿ ಬೇರೆ ಕಡೆ ಹೆಣ್ಣು ಕೇಳಿದಳು. ಎಲ್ಲರೂ ಅದನ್ನೇ ಅಂದರು: ಹಿರಿಯವಳಿಗೆ ಒಮ್ಮೆ ನಿಂತಿತ್ತಂತಲ್ಲ. ಜಿನ್ನವ್ವ ಗೆದ್ದಳು ಎಂದು ಯಾರಾದರೂ ಹೇಳಬಹುದು. ಅವಳ ಜಾಗಕ್ಕೆ ಯಾರೂ ಬರಲಿಲ್ಲ. ಆದರೆ ಇಬ್ಬರೂ ಒಂದೇ ಒಲೆಯ ಎದುರು ಕೂತು, ಒಬ್ಬಳ ಗುಟ್ಟನ್ನು ಇನ್ನೊಬ್ಬಳು ಗಂಟಲಲ್ಲಿ ಹಿಡಿದುಕೊಂಡು ದಿನ ನೂಕಬೇಕಿತ್ತು. ಬಸದಿಯ ಗಂಟೆ ಕೇಳಿದಾಗಲೆಲ್ಲ ಜಿನ್ನವ್ವನ ಅಂಗೈ ಬೆವರುತ್ತಿತ್ತು. ಜ್ಯೇಷ್ಠದಲ್ಲಿ ಒಮ್ಮೆ ದೂರ ಕೂತಳು. ಆಮೇಲೆ ಕೂಡಲಿಲ್ಲ. ಆಷಾಢದಲ್ಲಿ ಓಣಿಯ ಹೆಂಗಸರು ಕಣ್ಣರಳಿಸಿದರು, ಶ್ರಾವಣದಲ್ಲಿ ಪಿಸುಗುಟ್ಟಿದರು, ದಸರೆಯ ಹೊತ್ತಿಗೆ ಹೊಟ್ಟೆ ಕಾಣದೆ ಗೋಡೆಯ ಕಡೆ ನೋಡುವುದನ್ನೇ ಬಿಟ್ಟರು. ಅಂಜಿಕೆಗೆ ನಿಲ್ಲುತ್ತದೆ, ಅಂಜಿಕೆ ಹೋದರೆ ಬರುತ್ತದೆ ಎಂದು ತಾಯಿ ಹೇಳಿದ್ದು ಜಿನ್ನವ್ವನಿಗೆ ನೆನಪಿತ್ತು. ಆ ಗುಡಿಸಲು ಕಿತ್ತುಹಾಕುವುದಕ್ಕೆ ಒಂದು ದಿನವಿತ್ತು. ಇದಕ್ಕೆ ಇರಲಿಲ್ಲ.

ಬಾಬಾಸಾಹೇಬ ಒಮ್ಮೆ ಅವಳನ್ನು ಬೆಳಗಾವಿಗೆ ಕರೆದೊಯ್ದು ಹೆಣ್ಣು ಡಾಕ್ಟರಿಗೆ ತೋರಿಸಿದ. ಸುಂದರಾಬಾಯಿ ತಾನೂ ಬರುತ್ತೇನೆಂದು ಹೊರಟಳು. ಡಾಕ್ಟರು ಪರೀಕ್ಷೆ ಮಾಡಿ, ದೇಹದಲ್ಲಿ ದೋಷವೇನೂ ಕಾಣುವುದಿಲ್ಲ ಎಂದರು. ಅನ್ನ ಸೇರುತ್ತದೆಯೇ, ನಿದ್ದೆ ಬರುತ್ತದೆಯೇ, ಮನಸ್ಸಿಗೆ ಏನಾದರೂ ಹತ್ತಿದೆಯೇ ಎಂದು ಕೇಳಿದರು. ಚಿಂತೆಯಿಂದಲೂ ಹೀಗಾಗುವುದುಂಟು, ಮುಚ್ಚಿಡದೆ ಹೇಳು ಎಂದರು. ಸುಂದರಾಬಾಯಿ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದಳು. ಜಿನ್ನವ್ವ ನೆಲ ನೋಡುತ್ತ, ಏನಿಲ್ರಿ ಎಂದಳು. ಒಂದು ಬಾಟಲಿ ಕೆಂಪು ಔಷಧ ಕೊಟ್ಟು ಕಳಿಸಿದರು. ಅದನ್ನು ತಪ್ಪದೆ ಕುಡಿದಳು.

ಇಷ್ಟಾದರೂ ಬಾಬಾಸಾಹೇಬ ಅವಳನ್ನು ಒಂದು ಮಾತೂ ಅನ್ನಲಿಲ್ಲ. ಹೋದ ಕೂಸಿನ ದುಃಖಕ್ಕೆ ಹೆಂಡತಿ ಹೀಗೆ ಒಣಗಿದ್ದಾಳೆ ಎಂದು ಅವನು ನಂಬಿದ್ದ. ಮೊದಲು ಮಾತು ಬಾರದಿದ್ದ ಮನುಷ್ಯ, ಈಗ ಆ ಕೂಸಿನ ವಿಷಯವೊಂದನ್ನು ಯಾರು ಸಿಕ್ಕರೂ ಆಡುತ್ತಿದ್ದ.

ಆ ದಸರೆಯಿಂದ ಎರಡು ವರ್ಷದ ಮೇಲಿನ ಚಳಿಗಾಲ, ಗಾಣ ಹೂಡಿದ್ದರು. ಮಧ್ಯಾಹ್ನ ಜಿನ್ನವ್ವ ಬುತ್ತಿ ಹೊತ್ತು ಹೊಲಕ್ಕೆ ಬಂದಾಗ ಅವನು ಕಡಾಯಿಯ ಪಕ್ಕ ನಿಂತು, ಬೆಲ್ಲ ತಿರುವುವ ಆಳುಗಳಿಗೆ ಅದನ್ನೇ ಹೇಳುತ್ತಿದ್ದ. ಇದ್ದಿದ್ದರೆ ಈ ಹೊತ್ತಿಗೆ ಕಬ್ಬಿನ ಸಿಪ್ಪೆ ಎಳೆದಾಡುತ್ತ ಕಾಲಲ್ಲಿ ಸಿಗುತ್ತಿದ್ದ, ಬಿಸಿ ಬೆಲ್ಲಕ್ಕೆ ಹಟ ಹಿಡಿಯುತ್ತಿದ್ದ ಎನ್ನುತ್ತಿದ್ದ. ಹೆಂಡತಿಯನ್ನು ಕಂಡು ತಿರುಗಿದ.

"ಏನ ಜಿನ್ನವ್ವ, ಎರಡ ವರ್ಷ ತುಂಬತಿದ್ದುವಲ್ಲ ಅವಗ?"

"ದಸರಾಕ್ಕ ತುಂಬತಿದ್ದುವು," ಎಂದಳು. ಲೆಕ್ಕ ಹಾಕಲು ಅವಳು ತಡೆಯಲಿಲ್ಲ.

"ಹೆಸರ ಏನ ಇಡ್ತಿದ್ದಿ?"

ಅವಳು ಬುಟ್ಟಿ ಇಳಿಸಿ, ಬಟ್ಟೆ ಬಿಚ್ಚಿ, ರೊಟ್ಟಿಯ ಮೇಲೆ ಪಲ್ಯ ಹಾಕಿದಳು. "ನಿಮ್ಮ ಅಪ್ಪಂದು," ಎಂದಳು. "ಭರಮಣ್ಣ."

ಕಡಾಯಿಯಲ್ಲಿ ಸಟ್ಟುಗ ಆಡಿಸುತ್ತಿದ್ದ ಆಳು ಒಂದು ಗಳಿಗೆ ಕೈ ನಿಲ್ಲಿಸಿ, ಚಲೋ ಹೆಸರು ಎಂದ. ಬಾಬಾಸಾಹೇಬ ತಟ್ಟೆ ತೆಗೆದುಕೊಂಡು ಕೂತ. ಊಟ ಮುಗಿಯುವವರೆಗೂ ಭರಮಣ್ಣನ ಮಾತೇ ಆಡಿದ. ಜಿನ್ನವ್ವ ಎದುರಿಗೆ ಕೂತು, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು.